‘ಬೇಡ’ ಎಂದಿರಲ್ಲ, ನಾನು ನಂಬಿದೆ: ಸ್ಟುಟ್‌ಗಾರ್ಟಿನಿಂದ ಬಂದ ಪತ್ರಕ್ಕೆ ಉತ್ತರ

ಪ್ರಶ್ನೆ: ನಾನು ಹಾಸನದ ಕಡೆಯವಳು, ಸಾಫ್ಟ್‌ವೇರ್ ಎಂಜಿನಿಯರ್. ಒಂಬತ್ತು ತಿಂಗಳ ಕೆಲಸಕ್ಕೆಂದು ಜರ್ಮನಿಯ ಸ್ಟುಟ್‌ಗಾರ್ಟಿಗೆ ಬಂದು ಹತ್ತು ವಾರವಾಯಿತು. ದೊಡ್ಡ ತೊಂದರೆ ಯಾವುದೂ ಇಲ್ಲ. ಆದರೆ ದಿನವೂ ಸಣ್ಣ ಸಣ್ಣ ಸಂಗತಿಗಳು ಚುಚ್ಚುತ್ತವೆ. ಸಹೋದ್ಯೋಗಿಯೊಬ್ಬರು ಕೇಕ್ ಬೇಕೇ ಎಂದು ಕೇಳಿದರು. ಸಂಕೋಚದಿಂದ ಬೇಡ ಎಂದೆ. ಮತ್ತೆ ಕೇಳಲೇ ಇಲ್ಲ. ಪಕ್ಕದ ಮೇಜಿನವರು ದಿನವೂ ಸೇಬು ಹೆಚ್ಚಿಕೊಂಡು ಒಬ್ಬರೇ ತಿನ್ನುತ್ತಾರೆ. ಸಭೆಯಲ್ಲಿ ಎಲ್ಲರೆದುರೇ ‘ಇದು ತಪ್ಪು’ ಎನ್ನುತ್ತಾರೆ. ಗುರುವಾರದೊಳಗೆ ಮುಗಿಯುತ್ತದೆಯೇ ಎಂದಾಗ ‘ನೋಡುತ್ತೇನೆ’ ಎಂದದ್ದಕ್ಕೆ, ಗುರುವಾರ ಬಂದು ಕೆಲಸ ಎಲ್ಲಿ ಎಂದು ಕೇಳಿದರು. ಕಳೆದ ವಾರ ನನ್ನ ಮನೆಯ ಬಾಗಿಲಿಗೆ ಯಾರೋ ಒಂದು ಫಲಕ ತೂಗುಹಾಕಿದ್ದರು. ಮೆಟ್ಟಿಲು ಗುಡಿಸುವ ಸರದಿ ನನ್ನದಂತೆ. ಇವರಿಗೆ ನಾನು ಬೇಡವಾದವಳೇ? ಹೇಗೂ ಕೆಲವು ತಿಂಗಳ ಮಾತು ಎಂದು ಸುಮ್ಮನಿರಲೇ, ಇಲ್ಲ ನಾನೇ ಬದಲಾಗಬೇಕೇ?

ಉತ್ತರ: ಕೇಕಿನಿಂದಲೇ ಶುರು ಮಾಡೋಣ. ನಿಮ್ಮ ಪತ್ರದ ಉಳಿದ ಸಂಗತಿಗಳಿಗೂ ಬೀಗದ ಕೈ ಅಲ್ಲೇ ಇದೆ ಎಂದು ನನಗೆ ತೋರುತ್ತದೆ.

ನಮ್ಮ ಕಡೆ ಯಾರ ಮನೆಗಾದರೂ ಹೋದಾಗ ಏನು ನಡೆಯುತ್ತದೆ ಎಂದು ನೆನಪಿಸಿಕೊಳ್ಳಿ. ‘ಕಾಫಿ ತರಲೇ?’ ಎನ್ನುತ್ತಾರೆ. ‘ಅಯ್ಯೋ ಬೇಡ, ಈಗ ತಾನೇ ಆಯಿತು’ ಎನ್ನುತ್ತೇವೆ. ‘ಅರ್ಧ ಲೋಟವಾದರೂ’ ಎನ್ನುತ್ತಾರೆ. ‘ನಿಮಗೆ ಸುಮ್ಮನೆ ತೊಂದರೆ’ ಎನ್ನುತ್ತೇವೆ. ಅಷ್ಟು ಹೊತ್ತಿಗೆ ಒಲೆಯ ಮೇಲೆ ಹಾಲು ಕುದಿಯುತ್ತಿರುತ್ತದೆ. ಮದುವೆಯ ಪಂಕ್ತಿಯಲ್ಲಿ ಎಲೆಯ ಮೇಲೆ ಅಂಗೈ ಅಡ್ಡ ಹಿಡಿದರೂ ಬೆರಳ ಸಂದಿಯಲ್ಲಿ ಪಾಯಸ ಬೀಳುತ್ತದೆ; ಬೀಳದಿದ್ದರೆ ‘ಉಪಚಾರ ಸಾಲದು’ ಎಂಬ ಮಾತು ಬರುತ್ತದೆ. ಇದನ್ನು ನಮಗೆ ಯಾರೂ ಪಾಠ ಹೇಳಿ ಕಲಿಸಿದ್ದಲ್ಲ. ನಮ್ಮ ಮೊದಲ ‘ಬೇಡ’ಕ್ಕೆ ‘ನನಗೆ ಹಸಿವಿಲ್ಲ’ ಎಂಬ ಅರ್ಥವಿಲ್ಲ, ‘ನಾನು ಆಸೆಬುರುಕಿಯಲ್ಲ’ ಎಂಬ ಅರ್ಥವಿದೆ. ಅದನ್ನು ದಾಟಿಸಿ ಎರಡನೆಯ, ಮೂರನೆಯ ಸಲ ಕೇಳುವುದು ಆತಿಥೇಯರ ಹೊಣೆ.

ಜರ್ಮನರ ಮನೆಯಲ್ಲಿ ಆ ಮೊದಲ ‘ಬೇಡ’ವೇ ಉತ್ತರ. ಅದನ್ನು ಕೇಳಿಸಿಕೊಂಡ ಮೇಲೆ ಮತ್ತೆ ಕೇಳಿದರೆ, ನಿಮ್ಮ ಮಾತನ್ನು ನಾನು ನಂಬಲಿಲ್ಲ, ನಿಮಗೇನು ಬೇಕೆಂದು ನಿಮಗಿಂತ ನನಗೆ ಚೆನ್ನಾಗಿ ಗೊತ್ತು ಎಂದಂತಾಗುತ್ತದೆ. ಚಿಕ್ಕ ಮಗುವಿಗೆ ಹಾಗೆ ಮಾಡಬಹುದು, ದೊಡ್ಡವರಿಗಲ್ಲ.

ನಾನು ಇದನ್ನು ಕಲಿತದ್ದು ಇದೇ ಊರಿನಲ್ಲಿ. ಒಂದು ವರ್ಷಕ್ಕೆಂದು ಹೋಗಿ ಆರು ವರ್ಷ ಉಳಿದವಳು ನಾನು. ಮೊದಲ ತಿಂಗಳ ಒಂದು ಭಾನುವಾರ, ಮನೆಯ ಮಾಲಕಿ ಮೂರು ಗಂಟೆಯ ಕಾಫಿಗೆ ಕರೆದರು. ಪ್ಲಮ್ ಹಣ್ಣಿನ ಕೇಕ್ ಮಾಡಿದ್ದರು. ಅದರ ಪರಿಮಳ ಮೆಟ್ಟಿಲವರೆಗೂ ಬಂದಿತ್ತು. ಮಧ್ಯಾಹ್ನ ಊಟ ಮಾಡಿರಲಿಲ್ಲ. ಆದರೂ ಅಭ್ಯಾಸಬಲದಿಂದ ‘ಬೇಡ, ಕಾಫಿ ಸಾಕು’ ಎಂದೆ. ಅವರು ಒಂದು ತುಂಡು ತಾವು ತಿಂದು, ಉಳಿದದ್ದಕ್ಕೆ ಬಟ್ಟೆ ಮುಚ್ಚಿಟ್ಟರು. ಕೆಳಗಿಳಿದು ಬಂದರೆ ಊರಿನ ಅಂಗಡಿಗಳೆಲ್ಲ ಮುಚ್ಚಿವೆ. ಆ ರಾತ್ರಿ ಹಸಿವಿಗಿಂತ ಅವಮಾನವೇ ನನ್ನನ್ನು ಹೆಚ್ಚು ಕಾಡಿತು. ಎಷ್ಟೋ ತಿಂಗಳ ನಂತರ, ಸಲಿಗೆ ಬೆಳೆದ ಮೇಲೆ ಅವರಿಗೆ ಇದನ್ನು ಹೇಳಿದೆ. ಅವರ ಮುಖ ಪೆಚ್ಚಾಯಿತು. ‘ಬೇಡ ಎಂದಿರಲ್ಲ, ನಾನು ನಂಬಿದೆ’ ಎಂದರು. ಆ ಒಂದು ಮಾತು ನನಗೆ ಆ ದೇಶದ ಅರ್ಧ ಭಾಗವನ್ನು ತಿಳಿಸಿಕೊಟ್ಟಿತು.

ಸೇಬೂ ಅದೇ ಲೆಕ್ಕ. ಅದು ಅವರು ತಮಗೆಂದು ಮನೆಯಿಂದ ತಂದ ಒಂದು ಸೇಬು. ನಿಮಗೆ ಕೊಡದಿರುವುದು ನಿಮ್ಮನ್ನು ಕುರಿತ ಅಭಿಪ್ರಾಯವಲ್ಲ. ಅದೇ ಮನುಷ್ಯ ತನ್ನ ಹುಟ್ಟುಹಬ್ಬದ ದಿನ ತಾನೇ ಕೇಕ್ ತಂದು ಇಡೀ ವಿಭಾಗಕ್ಕೆ ಹಂಚುತ್ತಾನೆ. ಅಲ್ಲಿ ಕೇಕ್ ತರುವುದು ಹುಟ್ಟಿದವರ ಕೆಲಸ, ಗೆಳೆಯರದಲ್ಲ. ನಮ್ಮ ಶಾಲೆಗಳಲ್ಲಿ ಹುಟ್ಟುಹಬ್ಬದ ಮಗು ಹೊಸ ಬಟ್ಟೆ ಹಾಕಿಕೊಂಡು ಚಾಕೊಲೇಟ್ ಹಂಚುವುದಿಲ್ಲವೇ, ಹಾಗೆ. ಒಂದು ಎಚ್ಚರಿಕೆ: ಹಿಂದಿನ ದಿನವೇ ಶುಭಾಶಯ ಹೇಳಬೇಡಿ, ಅದು ಅಪಶಕುನವೆಂದು ಅವರ ನಂಬಿಕೆ. ಆಗದ ಒಳ್ಳೆಯದನ್ನು ಮೊದಲೇ ಬಾಯಿಬಿಟ್ಟು ಹೇಳಿದರೆ ದೃಷ್ಟಿಯಾಗುತ್ತದೆ ಎಂದು ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಗುರುವಾರದ ವಿಷಯ. ಇಲ್ಲಿ ನಾನು ನಿಮ್ಮ ಪರ ವಹಿಸಲಾರೆ. ವಿದೇಶಕ್ಕೆ ಹೊರಡುವವರಿಗೆ ತರಬೇತಿ ಕೊಡುವ ಇಷ್ಟು ವರ್ಷಗಳಲ್ಲಿ, ನಮ್ಮ ಎಂಜಿನಿಯರುಗಳ ಹೆಸರು ಕೆಡುವುದಕ್ಕೆ ನಾನು ಕಂಡ ಅತಿ ದೊಡ್ಡ ಕಾರಣ ಈ ‘ನೋಡುತ್ತೇನೆ’. ಕನ್ನಡದಲ್ಲಿ ‘ನೋಡೋಣ’, ‘ಪ್ರಯತ್ನ ಮಾಡುತ್ತೇನೆ’, ‘ಆಗಬಹುದು’ ಎಂಬ ಮಾತುಗಳಲ್ಲಿ ಎಷ್ಟೋ ಸಲ ಮೃದುವಾದ ‘ಇಲ್ಲ’ ಅಡಗಿರುತ್ತದೆ. ಮುಖದ ಮೇಲೆ ಹೊಡೆದಂತೆ ‘ಆಗದು’ ಎನ್ನಬಾರದೆಂಬ ದಾಕ್ಷಿಣ್ಯ ನಮ್ಮದು. ದಾಕ್ಷಿಣ್ಯವೆಂದರೆ ಬರಿಯ ಹೆದರಿಕೆಯಲ್ಲ. ಎದುರಿನವರ ಮನಸ್ಸು ನೋಯಬಾರದೆಂಬ ಕಾಳಜಿ ಅದರಲ್ಲಿದೆ. ಅದನ್ನು ನಾನು ಎಂದೂ ಹಳಿಯುವುದಿಲ್ಲ. ಆದರೆ ಅದು ನಡೆಯಬೇಕಾದರೆ ಕೇಳುವವರಿಗೂ ಆ ಸಂಕೇತ ಗೊತ್ತಿರಬೇಕು. ನಿಮ್ಮ ತಂಡದವರು ‘ನೋಡುತ್ತೇನೆ’ ಎಂಬುದನ್ನು ‘ಮಾಡುತ್ತೇನೆ’ ಎಂದೇ ಬರೆದುಕೊಂಡರು, ಅದರ ಮೇಲೆ ತಮ್ಮ ವಾರವನ್ನು ಕಟ್ಟಿದರು. ಗುರುವಾರ ಅದು ಕುಸಿಯಿತು. ಮುಂದಿನ ಸಲ ಸೋಮವಾರವೇ ಹೇಳಿ: ‘ಗುರುವಾರಕ್ಕೆ ಆಗುವುದಿಲ್ಲ, ಮಂಗಳವಾರ ಕೊಡುತ್ತೇನೆ.’ ಅವರ ಮುಖದಲ್ಲಿ ಕೋಪ ಕಾಣುವುದಿಲ್ಲ, ನೋಡುತ್ತಿರಿ. ಆಗದು ಎಂಬುದನ್ನು ಬೇಗ ಹೇಳುವುದೇ ಅಲ್ಲಿ ದಾಕ್ಷಿಣ್ಯ.

ಸಭೆಯಲ್ಲಿ ‘ಇದು ತಪ್ಪು’ ಎಂದದ್ದಕ್ಕೂ ಇದೇ ಮಾತು ಸಲ್ಲುತ್ತದೆ. ಅವರು ತಪ್ಪೆಂದದ್ದು ಆ ಪುಟವನ್ನು, ನಿಮ್ಮನ್ನಲ್ಲ. ನಮ್ಮಲ್ಲಿ ಮಾಡಿದ ಕೆಲಸ ಮತ್ತು ಮಾಡಿದವರ ನಡುವೆ ಅಂತರ ಕಡಿಮೆ. ಒಂದನ್ನು ಮುಟ್ಟಿದರೆ ಇನ್ನೊಂದಕ್ಕೆ ನೋಯುತ್ತದೆ. ಸಭೆ ಮುಗಿದ ಮೇಲೆ ಅದೇ ವ್ಯಕ್ತಿ ನಿಮ್ಮನ್ನು ಊಟಕ್ಕೆ ಕರೆದರೇ ಇಲ್ಲವೇ? ಪತ್ರದಲ್ಲಿ ನೀವು ಅದನ್ನು ಬರೆದಿಲ್ಲ, ಆದರೆ ಕರೆದಿರುತ್ತಾರೆ ಎಂದೇ ನನ್ನ ಊಹೆ. ಇನ್ನೊಂದು ವಿಷಯ: ನೀವಿರುವುದು ದಕ್ಷಿಣ ಜರ್ಮನಿಯ ಶ್ವಾಬಿಯಾ ಸೀಮೆಯಲ್ಲಿ. ‘ಬೈಯಲಿಲ್ಲ ಎಂದರೆ ಹೊಗಳಿದಂತೆಯೇ’ ಎಂಬುದು ಆ ಸೀಮೆಯ ಹಳೆಯ ಗಾದೆ. ಅಲ್ಲಿ ಯಾರೂ ನಿಮ್ಮ ಬೆನ್ನು ತಟ್ಟದಿದ್ದರೆ, ಕೆಲಸ ಚೆನ್ನಾಗಿ ಸಾಗುತ್ತಿದೆ ಎಂದು ತಿಳಿಯಿರಿ. ಉತ್ತರ ಜರ್ಮನಿಯವರಿಗೂ ಈ ಸೀಮೆಯವರ ಮಿತಮಾತು ಅಭ್ಯಾಸವಾಗಲು ಕಾಲ ಹಿಡಿಯುತ್ತದೆ.

ಇಷ್ಟೆಲ್ಲ ಭೇದಗಳ ನಡುವೆ ಒಂದು ಕಡೆ ನೀವು ಇಂಗ್ಲಿಷ್ ಮಾತೃಭಾಷೆಯವರಿಗಿಂತ ಬಹಳ ಮುಂದಿದ್ದೀರಿ. ಜರ್ಮನ್ ಭಾಷೆಯಲ್ಲಿ ‘ಡು’ ಮತ್ತು ‘ಸೀ’ ಎಂದು ಎರಡಿವೆ: ನಮ್ಮ ‘ನೀನು’ ಮತ್ತು ‘ನೀವು’. ಯಾರಿಗೆ ಏನನ್ನಬೇಕು, ಯಾವಾಗ ದಾಟಬೇಕು ಎಂಬ ಸೂಕ್ಷ್ಮವನ್ನು ಅಮೆರಿಕದವರು ಪುಸ್ತಕ ಓದಿ ಕಲಿಯಬೇಕು. ನಿಮಗೆ ಅದು ರಕ್ತದಲ್ಲೇ ಇದೆ. ವ್ಯತ್ಯಾಸ ಒಂದೇ. ನಮ್ಮಲ್ಲಿ ‘ನೀವು’ವಿನಿಂದ ‘ನೀನು’ವಿಗೆ ಯಾವ ದಿನ ಜಾರಿದೆವೆಂಬುದು ನಮಗೇ ತಿಳಿಯುವುದಿಲ್ಲ. ಅಲ್ಲಿ ಹಿರಿಯರಾದವರು, ಇಲ್ಲವೇ ಹುದ್ದೆಯಲ್ಲಿ ಮೇಲಿನವರು, ‘ಇನ್ನು ನಾವು ನೀನು ಎಂದುಕೊಳ್ಳೋಣ’ ಎಂದು ಬಾಯಿಬಿಟ್ಟು ಹೇಳುತ್ತಾರೆ, ಕೆಲವೊಮ್ಮೆ ಕೈಕುಲುಕುತ್ತಾರೆ. ನಿಮ್ಮ ಕಚೇರಿಯಲ್ಲಿ ಎಲ್ಲರೂ ಮೊದಲ ದಿನದಿಂದಲೇ ‘ಡು’ ಎನ್ನುತ್ತಿರಬಹುದು, ಈಗಿನ ತಂತ್ರಜ್ಞಾನ ಕಂಪನಿಗಳಲ್ಲಿ ಅದು ಸಾಮಾನ್ಯ. ಆದರೆ ಮೇಲಿನ ಮಹಡಿಯ ಅಜ್ಜಿಗೆ ನೀವಾಗಿ ‘ಡು’ ಎನ್ನಬೇಡಿ.

ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಕಾರಿಡಾರಿನಲ್ಲಿ ಎದುರಾದವರು ‘ಮಾಲ್‌ತ್ಸೈಟ್’ ಎನ್ನುವುದನ್ನು ನೀವು ಕೇಳಿರಬೇಕು. ಊಟದ ಹೊತ್ತು ಎಂಬುದು ಅದರ ಅರ್ಥ, ನಮಸ್ಕಾರ ಎಂಬುದು ಅದರ ಕೆಲಸ. ನನಗಂತೂ ಅದನ್ನು ಮೊದಲ ಸಲ ಕೇಳಿದಾಗ ‘ಊಟ ಆಯಿತೇ?’ ಎಂದು ನಮ್ಮೂರಿನವರೇ ಕೇಳಿದಂತಾಗಿತ್ತು. ನಮ್ಮ ಪ್ರಶ್ನೆಗೂ ಯಾರೂ ತಿಂದ ಪಟ್ಟಿ ಒಪ್ಪಿಸುವುದಿಲ್ಲವಲ್ಲ. ನೀವೂ ಅಷ್ಟೇ, ತಿರುಗಿ ‘ಮಾಲ್‌ತ್ಸೈಟ್’ ಎಂದರೆ ಸಾಕು.

ಬಾಗಿಲಿಗೆ ತೂಗುಹಾಕಿದ ಫಲಕದ ಬಗ್ಗೆ ನಿಮಗೆ ಕೋಪ ಬಂದದ್ದು ಸಹಜ. ಅದಕ್ಕೆ ‘ಕೇರ್‌ವೋಖೆ’ ಎಂದು ಹೆಸರು. ಗುಡಿಸುವ ವಾರ ಎಂದರ್ಥ. ಇದು ಶ್ವಾಬಿಯಾದವರ ಹೆಮ್ಮೆಯ ವ್ಯವಸ್ಥೆ. ಕಟ್ಟಡದ ಮನೆಗಳವರು ವಾರಕ್ಕೊಬ್ಬರಂತೆ ಸರದಿಯಲ್ಲಿ ಮೆಟ್ಟಿಲು, ಮೊಗಸಾಲೆಗಳನ್ನು ಶುಚಿಮಾಡಬೇಕು, ಅದು ಚಿಕ್ಕ ಕೇರ್‌ವೋಖೆ. ಹೊರಗಿನ ಕಾಲುದಾರಿ, ಕಸದ ಡಬ್ಬಿಗಳ ಜಾಗ, ಚಳಿಗಾಲದಲ್ಲಿ ಹಿಮ ತೆಗೆಯುವುದು ಸೇರಿದರೆ ದೊಡ್ಡ ಕೇರ್‌ವೋಖೆ. ಪ್ರತಿ ಮನೆಯವರೂ ತಮ್ಮ ಕೊಳೆಯನ್ನು ವಾರಕ್ಕೊಮ್ಮೆ ಸಾಗಹಾಕಬೇಕೆಂಬ ಕಟ್ಟಳೆ ಸ್ಟುಟ್‌ಗಾರ್ಟಿನಲ್ಲಿ 15ನೇ ಶತಮಾನದ ಕೊನೆಯಲ್ಲೇ ಇತ್ತು. ಸರದಿ ಬಂದವರ ಬಾಗಿಲಿಗೆ ಫಲಕ ಸೇರುತ್ತದೆ, ಕೆಲಸ ಮುಗಿದ ಮೇಲೆ ಅವರು ಅದನ್ನು ಮುಂದಿನವರ ಬಾಗಿಲಿಗೆ ತೂಗುಹಾಕುತ್ತಾರೆ.

ನಿಮ್ಮ ಕೋಪದ ಹಿಂದೆ ಇನ್ನೊಂದು ಸಂಗತಿಯೂ ಇರಬಹುದು. ನೇರವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನಮ್ಮಲ್ಲಿ ಮನೆಯ ಒಳಗನ್ನು ಕನ್ನಡಿಯಂತೆ ಇಡುತ್ತೇವೆ, ಬಾಗಿಲ ಮುಂದೆ ನೀರು ಹಾಕಿ ರಂಗೋಲಿ ಬಿಡುತ್ತೇವೆ. ಅದರಾಚೆಯ ಮೆಟ್ಟಿಲು, ಚರಂಡಿ, ಬೀದಿಗಳನ್ನು ಗುಡಿಸುವುದು ಬೇರೆ ಯಾರದೋ ಕೆಲಸ, ಮತ್ತು ಆ ಬೇರೆಯವರು ಯಾರು ಎಂಬುದರ ಹಿಂದೆ ಜಾತಿಯ ದೊಡ್ಡ ಇತಿಹಾಸವಿದೆ. ಒಬ್ಬ ನಿವೃತ್ತ ಪ್ರಾಧ್ಯಾಪಕರು ನನ್ನ ಕಟ್ಟಡದಲ್ಲಿ ಶನಿವಾರ ಬೆಳಿಗ್ಗೆ ಬಕೆಟ್ ಹಿಡಿದು ಬಾಗಿ ಮೆಟ್ಟಿಲು ಒರೆಸುವುದನ್ನು ಕಂಡಾಗ, ನನ್ನೊಳಗೆ ಮೂಡಿದ ಮುಜುಗರ ಎಲ್ಲಿಂದ ಬಂತೆಂದು ನಾನು ಬಹಳ ದಿನ ಯೋಚಿಸಿದ್ದೇನೆ. ಪರದೇಶದಲ್ಲಿ ನನಗೆ ಸಿಕ್ಕ ಅತ್ಯಂತ ಬೆಲೆಯುಳ್ಳ ಪಾಠ ಅದು, ಮತ್ತು ಅದು ಜರ್ಮನಿಯನ್ನು ಕುರಿತದ್ದಾಗಿರಲಿಲ್ಲ.

ಆದ್ದರಿಂದ ಫಲಕ ಅವಮಾನವಲ್ಲ. ಈ ಮನೆಯಲ್ಲಿ ನೀವೂ ಒಬ್ಬರು ಎಂಬುದರ ಗುರುತು ಅದು. ಮೆಟ್ಟಿಲು ಒರೆಸಿ, ಫಲಕವನ್ನು ಮುಂದಿನ ಬಾಗಿಲಿಗೆ ಹಾಕಿ. ಶನಿವಾರವೇ ಮಾಡಿ, ಭಾನುವಾರ ಬೇಡ. ಭಾನುವಾರದ ನೆಮ್ಮದಿಗೆ ಅಲ್ಲಿ ಸಂವಿಧಾನದ ರಕ್ಷಣೆಯೇ ಇದೆ: 1919ರ ವೈಮಾರ್ ಸಂವಿಧಾನ ಭಾನುವಾರವನ್ನು ವಿಶ್ರಾಂತಿಯ ದಿನವೆಂದು ಕಾಪಾಡಿತು, 1949ರ ಸಂವಿಧಾನ ಆ ವಿಧಿಯನ್ನು ಹಾಗೆಯೇ ಉಳಿಸಿಕೊಂಡಿತು. ಗೋಡೆಗೆ ಮೊಳೆ ಹೊಡೆಯುವುದು, ಗಾಜಿನ ಬಾಟಲಿಗಳನ್ನು ಬೀದಿಯ ತೊಟ್ಟಿಗೆ ಎಸೆಯುವುದು ಆ ದಿನ ಸಲ್ಲದು. ರಾತ್ರಿ ಹತ್ತರ ಮೇಲೆ ಮಿಕ್ಸಿಯೂ ಬೇಡ. ಚಟ್ನಿಯನ್ನು ಸಂಜೆಯೇ ರುಬ್ಬಿಟ್ಟುಕೊಳ್ಳಿ.

ಚಿಕ್ಕ ವಿಷಯಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಚಳಿಗಾಲದಲ್ಲೂ ದಿನಕ್ಕೆರಡು ಮೂರು ಸಲ ಐದು ಹತ್ತು ನಿಮಿಷ ಕಿಟಕಿಗಳನ್ನು ಪೂರ್ತಿ ತೆರೆಯಿರಿ, ಇಲ್ಲವಾದರೆ ನಮ್ಮ ಅಡುಗೆಯ ಆವಿಗೆ ಗೋಡೆಗೆ ಬೂಷ್ಟು ಹಿಡಿಯುತ್ತದೆ, ಮನೆ ಬಿಡುವಾಗ ಮುಂಗಡದಿಂದ ಹಣ ಕಳೆಯುತ್ತಾರೆ. ಒಮ್ಮೆ ಬಳಸಿ ಬಿಡುವ ಪ್ಲಾಸ್ಟಿಕ್ ಬಾಟಲಿ, ಪಾನೀಯದ ಡಬ್ಬಿಗಳ ಮೇಲೆ 25 ಸೆಂಟ್ ಠೇವಣಿ ಇರುತ್ತದೆ. ಸೂಪರ್‌ಮಾರ್ಕೆಟ್ಟಿನ ಯಂತ್ರಕ್ಕೆ ಹಾಕಿದರೆ ಮರಳಿ ಬರುತ್ತದೆ. ಬೀದಿಯ ಕಸದ ಬುಟ್ಟಿಯ ಪಕ್ಕ ಯಾರೋ ಬಾಟಲಿ ನಿಲ್ಲಿಸಿ ಹೋಗಿದ್ದರೆ ಅದು ಅಶಿಸ್ತಲ್ಲ, ಆಯ್ದು ಬದುಕುವ ಬಡವರು ಕೊಳೆಗೆ ಕೈಹಾಕುವುದು ತಪ್ಪಲಿ ಎಂಬ ಕಾಳಜಿ. ವಾಹನ ಒಂದೂ ಇಲ್ಲದ ರಸ್ತೆಯಲ್ಲಿ ಕೆಂಪು ದೀಪಕ್ಕೆ ನಿಂತವರನ್ನು ಕಂಡು ಬೆರಗಾಗಿದ್ದೀರಿ ತಾನೇ? ಪಕ್ಕದಲ್ಲಿ ಮಕ್ಕಳಿರುವಾಗ ನೀವೂ ನಿಲ್ಲಿ. ನೆಗಡಿ ಜ್ವರವಿದ್ದರೂ ಕಚೇರಿಗೆ ಬರುವುದು ಅಲ್ಲಿ ನಿಷ್ಠೆಯಲ್ಲ, ಇತರರಿಗೆ ಅಂಟಿಸುವ ತಪ್ಪು. ಹೋಟೆಲಿನಲ್ಲಿ ‘ಒಟ್ಟಿಗೋ, ಬೇರೆ ಬೇರೆಯೋ?’ ಎಂದು ಬಿಲ್ ಕೇಳುತ್ತಾರೆ. ಬೇರೆ ಬೇರೆ ಎಂದರೆ ಸ್ನೇಹ ಮುರಿಯುವುದಿಲ್ಲ. ಮೊಟ್ಟೆ ತಿನ್ನುವ ಸಸ್ಯಾಹಾರಿಯಾಗಿದ್ದರೆ ಚೀಸ್ ಹಾಕಿದ ಶ್ಪೆಟ್ಸ್‌ಲೆ ಕೇಳಿ, ಅದು ಹಿಟ್ಟಿಗೆ ಮೊಟ್ಟೆ ಬೆರೆಸಿ ಮಾಡುವ ನೂಡಲ್ಸ್‌ನಂಥ ತಿನಿಸು. ಬೇಳೆಯ ಜೊತೆ ಶ್ಪೆಟ್ಸ್‌ಲೆ ಕೊಡುವ ಊಟವೂ ಅಲ್ಲಿ ಮನೆಮಾತು, ಆದರೆ ಸಾಸೇಜ್ ಬೇಡವೆಂದು ಮೊದಲೇ ಹೇಳಿ.

ಇನ್ನು ‘ಕೆಲವು ತಿಂಗಳ ಮಾತು’ ಎಂದಿರಿ. ಇದು ನನಗೆ ಬಹಳ ಮುಖ್ಯವಾದ ವಿಷಯ. ಸ್ಟುಟ್‌ಗಾರ್ಟಿಗೆ ಈ ಮಾತಿನ ಪರಿಚಯ ಚೆನ್ನಾಗಿದೆ. ಕಾರ್ಖಾನೆಗಳಿಗೆ ಕೈಗಳು ಸಾಲದಾದಾಗ ಪಶ್ಚಿಮ ಜರ್ಮನಿ 1955ರಲ್ಲಿ ಇಟಲಿಯೊಡನೆ, 1960ರಲ್ಲಿ ಸ್ಪೇನ್ ಮತ್ತು ಗ್ರೀಸ್‌ನೊಡನೆ, 1961ರಲ್ಲಿ ಟರ್ಕಿಯೊಡನೆ ಒಪ್ಪಂದ ಮಾಡಿಕೊಂಡು ಕೆಲಸಗಾರರನ್ನು ಕರೆಸಿತು. ಅವರನ್ನು ‘ಅತಿಥಿ ಕೆಲಸಗಾರರು’ ಎಂದೇ ಕರೆದರು. ಒಂದೆರಡು ವರ್ಷ ದುಡಿದು ಹಿಂದಿರುಗುತ್ತಾರೆ ಎಂದು ಕರೆದವರೂ ನಂಬಿದ್ದರು, ಬಂದವರೂ ನಂಬಿದ್ದರು. ಹೇಗೂ ಹೋಗುವವರು ಎಂದು ಇವರು ಭಾಷೆ ಕಲಿಸಲಿಲ್ಲ, ಹೇಗೂ ಹೋಗುವವರು ಎಂದು ಅವರಲ್ಲಿ ಅನೇಕರು ಕಲಿಯಲಿಲ್ಲ. ಲಕ್ಷಾಂತರ ಜನ ಅಲ್ಲೇ ಉಳಿದರು. ತಾತ್ಕಾಲಿಕವೆಂಬ ಒಂದು ಪದದ ಬೆಲೆಯನ್ನು ಎರಡು ತಲೆಮಾರು ತೆತ್ತವು. ಇಂದು ಆ ಊರಿನ ನಿವಾಸಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರ ಬೇರು ಜರ್ಮನಿಯ ಹೊರಗಿದೆ. ಎಂದರೆ, ನಿಮ್ಮ ಕೆಳಮಹಡಿಯಲ್ಲಿ ಟರ್ಕಿಯ ಮನೆತನವಿದ್ದರೆ ನಾನು ಮೇಲೆ ಹೇಳಿದ ಕೇಕಿನ ನಿಯಮ ಅಲ್ಲಿ ನಡೆಯುವುದಿಲ್ಲ. ಬೇಡವೆಂದರೂ ಚಹಾ ಬರುತ್ತದೆ, ನಮ್ಮಲ್ಲಿಯಂತೆಯೇ.

ನೀವು ಒಂಬತ್ತು ತಿಂಗಳಿಗೆ ಹಿಂದಿರುಗುವವರೇ ಇರಬಹುದು. ಆದರೂ ಅಂಚೆಪೆಟ್ಟಿಗೆಗೆ ಮತ್ತು ಕರೆಗಂಟೆಗೆ ನಿಮ್ಮ ಹೆಸರು ಅಂಟಿಸಿದ್ದೀರಾ? ಅಲ್ಲಿ ಅಂಚೆಯವರು ಮನೆಯ ಸಂಖ್ಯೆಯ ಜೊತೆಗೆ ಹೆಸರನ್ನೂ ನೋಡಿ ಕಾಗದ ಹಾಕುತ್ತಾರೆ. ಹೆಸರಿಲ್ಲದಿದ್ದರೆ ಪತ್ರ ಮರಳಿ ಹೋಗುತ್ತದೆ. ಅಲ್ಪಾವಧಿಗೆ ಬಂದ ನಮ್ಮ ಹುಡುಗ ಹುಡುಗಿಯರು ತಿಂಗಳುಗಟ್ಟಲೆ ಹೆಸರು ಹಾಕದೆ ಇರುವುದನ್ನು, ಒಂದು ಪರದೆ ಕೊಳ್ಳದೆ, ಒಂದು ಗಿಡ ನೆಡದೆ, ಪ್ರತಿ ಬ್ರೆಡ್ಡಿನ ಬೆಲೆಯನ್ನು ರೂಪಾಯಿಗೆ ತಿರುಗಿಸುತ್ತ ಕಾಲ ತಳ್ಳುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೆ ಕತ್ತಲಾದಾಗ ಆ ಬರಿಯ ಕೋಣೆ ಮನುಷ್ಯರನ್ನು ಕುಗ್ಗಿಸಿಬಿಡುತ್ತದೆ.

ಬದಲಾಗಬೇಕೇ ಎಂದು ಕೇಳಿದ್ದೀರಿ. ಬದಲಾಗುವುದಕ್ಕೆ ಮೊದಲು ಬರೆದುಕೊಳ್ಳಿ. ತರಬೇತಿಯಲ್ಲಿ ನಾನು ಎಲ್ಲರಿಗೂ ಒಂದು ನೋಟುಪುಸ್ತಕ ಕೊಡುತ್ತೇನೆ. ಎಡಪುಟದಲ್ಲಿ ಕಂಡದ್ದು, ಕೇಳಿದ್ದು ಮಾತ್ರ. ಬಲಪುಟದಲ್ಲಿ ನಿಮಗೆ ಅನಿಸಿದ್ದು. ‘ಅವರು ನನ್ನನ್ನು ಕಡೆಗಣಿಸಿದರು’ ಎಂಬುದು ಬಲಪುಟಕ್ಕೆ ಸೇರಿದ ಮಾತು. ‘ಒಮ್ಮೆ ಕೇಳಿದರು, ಬೇಡ ಎಂದೆ, ಮತ್ತೆ ಕೇಳಲಿಲ್ಲ’ ಎಂಬುದು ಎಡಪುಟದ್ದು. ನಿಮ್ಮ ಪತ್ರವನ್ನೇ ಹೀಗೆ ಎರಡಾಗಿ ಸೀಳಿ ನೋಡಿ. ಎಡಪುಟದಲ್ಲಿ ನೋಯಿಸುವಂಥದ್ದು ಬಹಳ ಕಡಿಮೆ ಸಿಗುತ್ತದೆ. ಬಳಿಕ ನಂಬಿಕೆಯ ಒಬ್ಬ ಸಹೋದ್ಯೋಗಿಯ ಬಳಿ ಎಡಪುಟವನ್ನಷ್ಟೇ ಇಟ್ಟು ‘ನಿಮ್ಮಲ್ಲಿ ಇದಕ್ಕೇನು ಅರ್ಥ?’ ಎಂದು ಕೇಳಿ. ಹೀಗೆ ಕೇಳಿದರೆ ಅವರು ಬೇಸರಪಡುವುದಿಲ್ಲ, ತಾಸುಗಟ್ಟಲೆ ವಿವರಿಸುತ್ತಾರೆ.

ಇದೇ ಸೀಮೆಯಿಂದ ನಮ್ಮ ಕಡೆಗೆ ಬಂದು ಹೀಗೆಯೇ ಕೇಳಿ ಕೇಳಿ ಬರೆದುಕೊಂಡವರು ಇದ್ದರು ಎಂಬುದನ್ನು ಕನ್ನಡಿಗರಾದ ನಾವು ಮರೆಯಬಾರದು. 1843ರಲ್ಲಿ ‘ಮಂಗಳೂರು ಸಮಾಚಾರ’ವನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಹುಟ್ಟಿದ್ದು ಸ್ಟುಟ್‌ಗಾರ್ಟಿನ ಉತ್ತರಕ್ಕಿರುವ ಬ್ರಾಕನ್‌ಹೈಮಿನಲ್ಲಿ, ತೀರಿಕೊಂಡದ್ದು ಪಕ್ಕದ ಎಸ್ಲಿಂಗನ್ನಿನಲ್ಲಿ. 1894ರಲ್ಲಿ ನಮಗೆ ಕನ್ನಡ ನಿಘಂಟು ಕೊಟ್ಟ ಫರ್ಡಿನೆಂಡ್ ಕಿಟ್ಟೆಲ್ ಉತ್ತರ ಜರ್ಮನಿಯವರು, ಆದರೆ ಕೊನೆಯ ದಿನಗಳನ್ನು ಕಳೆದದ್ದು ಟ್ಯೂಬಿಂಗನ್ನಿನಲ್ಲಿ. ಅವರು ಬಂದದ್ದು ಧರ್ಮಪ್ರಚಾರಕ್ಕೆ. ಆದರೆ ನಮ್ಮ ಗಾದೆ, ನುಡಿಗಟ್ಟುಗಳನ್ನು ಬರೆದುಕೊಳ್ಳಲು ಅವರು ಪಟ್ಟ ಶ್ರಮ ಈ ನೆಲದಲ್ಲಿ ಉಳಿಯಿತು. ಎಸ್ಲಿಂಗನ್, ಟ್ಯೂಬಿಂಗನ್ ಎರಡೂ ಸ್ಟುಟ್‌ಗಾರ್ಟಿನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆಯೊಳಗಿನ ದಾರಿ. ಮನಸ್ಸು ಭಾರವಾದ ಒಂದು ಶನಿವಾರ ಮೆಟ್ಟಿಲು ಒರೆಸಿದ ಮೇಲೆ ಹೋಗಿಬನ್ನಿ.

ಇಲ್ಲಿ ಅಚ್ಚಾಗದ ಪತ್ರದ ಕೊನೆಯ ಭಾಗದಲ್ಲಿ, ಊರಿನಿಂದ ಅಮ್ಮ ಕಳಿಸಿದ ಚಕ್ಕುಲಿ ಡಬ್ಬಿಯಲ್ಲೇ ಉಳಿದಿದೆ, ಯಾರಿಗೆ ಕೊಡಲಿ ಎಂದು ತಿಳಿಯುತ್ತಿಲ್ಲ ಎಂದು ಬರೆದಿದ್ದೀರಿ. ಅರ್ಧವನ್ನು ಕಚೇರಿಯ ಅಡುಗೆಕೋಣೆಯ ಮೇಜಿನ ಮೇಲೆ ಇಡಿ. ಪಕ್ಕದಲ್ಲಿ ಒಂದು ಚೀಟಿ ಇರಲಿ: ಅಕ್ಕಿಹಿಟ್ಟು, ಉದ್ದು, ಎಳ್ಳು, ಬೆಣ್ಣೆ, ಖಾರ ಎಷ್ಟು. ಎಳ್ಳು ಒಗ್ಗದವರು ಇರುತ್ತಾರೆ, ತಪ್ಪದೆ ಬರೆಯಿರಿ. ಯಾರನ್ನೂ ಒತ್ತಾಯ ಮಾಡಬೇಡಿ. ಸಂಜೆಯೊಳಗೆ ತಟ್ಟೆ ಬರಿದಾಗುತ್ತದೆ. ಉಳಿದರ್ಧವನ್ನು ಒಂದು ತಟ್ಟೆಯಲ್ಲಿ ಹಾಕಿ, ನಿಮ್ಮ ಬಾಗಿಲಿಗೆ ಫಲಕ ತಂದವರ ಮನೆಗೆ ಕೊಡಿ. ಒಂದೇ ಸಲ ಕೇಳಿ. ಎರಡು ದಿನ ಬಿಟ್ಟು ಆ ತಟ್ಟೆ ತೊಳೆದು ಒರೆಸಿ ನಿಮ್ಮ ಬಾಗಿಲಿಗೆ ಬರುತ್ತದೆ, ಖಾಲಿಯಾಗಿ. ನಮ್ಮಲ್ಲಿ ಖಾಲಿ ತಟ್ಟೆ ಹಿಂದಿರುಗಿಸುವುದಿಲ್ಲ, ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕುತ್ತೇವೆ ಎಂಬುದು ನಿಮಗೆ ಥಟ್ಟನೆ ನೆನಪಾಗುತ್ತದೆ. ಅದನ್ನು ಆ ಹೊತ್ತಿಗೇ, ಬಾಗಿಲಲ್ಲೇ ನಿಂತು, ಅವರಿಗೆ ಹೇಳಿಬಿಡಿ.